50 ಡೆಸಿಬೆಲ್ ಕ್ಯಾಮೆರಾಕ್ಕೆ ರಾತ್ರಿ ಎರಡು ಗಂಟೆಗೆ ಏನು ಕಾಣುತ್ತದೆ?

ಕಲಬುರಗಿಯ ಗಂಜ್‌ನಲ್ಲಿ ಬೇಳೆ ವ್ಯಾಪಾರಿಗಳು, ದಾಲ್ ಮಿಲ್ ಮಾಲೀಕರು ಮತ್ತು ಕ್ಯಾಮೆರಾ ಅಳವಡಿಸುವ ಕೆಲಸದಲ್ಲಿರುವ ಕೆಲವು ತರುಣರ ಮುಂದೆ ಒಂದು ಸಂಜೆ ಮಾಡಿದ ಉಪನ್ಯಾಸದ ಬರಹ ರೂಪವಿದು. ಅಂದು ಪರದೆಯ ಮೇಲೆ ತೋರಿಸಿದ ಚಿತ್ರಗಳನ್ನು ಇಲ್ಲಿ ಕೊಡಲಾಗದ ಕಾರಣ ಅಂಥ ಕಡೆ ಮಾತನ್ನು ಸ್ವಲ್ಪ ಬೆಳೆಸಿದ್ದೇನೆ.

ಹಿರಿಯರೇ, ಗೆಳೆಯರೇ,

ತೊಗರಿ ಖರೀದಿಸುವಾಗ ಚೀಲದ ಮೇಲೆ ಬರೆದಿರುವುದನ್ನು ಓದಿ ದರ ಕಟ್ಟುವವರು ಈ ಸಭೆಯಲ್ಲಿ ಒಬ್ಬರೂ ಇರಲಿಕ್ಕಿಲ್ಲ. ಚೀಲದೊಳಗೆ ಕೈ ಹಾಕಿ ಒಂದು ಹಿಡಿ ತೆಗೆದು, ಅಂಗೈಯಲ್ಲಿ ಹರಡಿ, ಕಲ್ಲೆಷ್ಟು, ನುಚ್ಚೆಷ್ಟು, ಹುಳುಕೆಷ್ಟು ಎಂದು ನೋಡಿ, ಒಂದೆರಡು ಕಾಳನ್ನು ಹಲ್ಲಿನಲ್ಲಿ ಕಡಿದು ತೇವವನ್ನು ಅಂದಾಜು ಮಾಡಿದ ಮೇಲೆಯೇ ತಾವು ಬೆಲೆಯ ಮಾತೆತ್ತುತ್ತೀರಿ. ಅಂಥ ತಾವೇ ಅಂಗಡಿಗೆ ಕಾವಲು ಕ್ಯಾಮೆರಾ ಕೊಳ್ಳುವಾಗ ಮಾತ್ರ ಡಬ್ಬಿಯ ಮೇಲಿನ ಒಂದು ಅಂಕಿಯನ್ನು ನೋಡಿ ಹಣ ಎಣಿಸಿಬಿಡುತ್ತೀರಿ. ಆ ಅಂಕಿ ಬಹುಮಟ್ಟಿಗೆ ನಿಜವೇ ಆಗಿರುತ್ತದೆ. ಯಾವ ಬೆಳಕಿನಲ್ಲಿ, ಯಾವ ಷರತ್ತಿನ ಮೇಲೆ ಅದು ನಿಜ ಎಂಬುದು ಅದರ ಪಕ್ಕದ ಸಣ್ಣ ಅಕ್ಷರಗಳಲ್ಲಿ ಇರುತ್ತದೆ. ಇಂದಿನ ನನ್ನ ಮಾತೆಲ್ಲ ಆ ಸಣ್ಣ ಅಕ್ಷರಗಳ ಕುರಿತಾದದ್ದು.

ಕೆಲವು ವರ್ಷಗಳ ಹಿಂದೆ ಪರಿಚಯದ ವರ್ತಕರೊಬ್ಬರು ತಮ್ಮ ಅಂಗಡಿಯ ರೆಕಾರ್ಡಿಂಗ್ ನೋಡಲು ನನ್ನನ್ನು ಕರೆದಿದ್ದರು. ರಾತ್ರಿ ಎರಡರ ಸುಮಾರಿಗೆ ಯಾರೋ ಇಬ್ಬರು ಬಂದು ಕಟ್ಟೆಯ ಮೇಲಿನ ಚೀಲಗಳನ್ನು ಹೊತ್ತುಕೊಂಡು ಹೋಗಿದ್ದರು. ಕ್ಯಾಮೆರಾ 8 ಮೆಗಾಪಿಕ್ಸೆಲ್‌ನದು. ಹಗಲಿನ ದೃಶ್ಯದಲ್ಲಿ ರಸ್ತೆಯ ಆಚೆ ನಿಂತ ಲಾರಿಯ ನಂಬರನ್ನೂ ಓದಬಹುದಾಗಿತ್ತು. ಆದರೆ ಅದೇ ಕ್ಯಾಮೆರಾದ ರಾತ್ರಿಯ ದೃಶ್ಯದಲ್ಲಿ ಆ ಇಬ್ಬರ ಮುಖಗಳು ನಾದಿಟ್ಟ ಜೋಳದ ಹಿಟ್ಟಿನ ಉಂಡೆಗಳಂತೆ ಇದ್ದವು. “ಎಂಟು ಮೆಗಾಪಿಕ್ಸೆಲ್ ಅಂತ ಹೇಳಿ ಕೊಟ್ಟಾನ್ರಿ. ಇದ್ರಾಗ ಕಳ್ಳನ ಮೂಗು ಎಲ್ಲದ, ನೀವೇ ತೋರಸ್ರಿ” ಎಂದು ಅವರು ಕೇಳಿದರು. ಮಾರಿದವನು ಮೋಸ ಮಾಡಿರಲಿಲ್ಲ. ಕ್ಯಾಮೆರಾ ಕೆಟ್ಟೂ ಇರಲಿಲ್ಲ. ಹಾಗಾದರೆ ಮೂಗು ಎಲ್ಲಿ ಹೋಯಿತು?

ಮೊದಲು ರೆಸಲ್ಯೂಶನ್ ಎಂಬ ಪದವನ್ನು ನೋಡೋಣ. ತಂತಿಯ ಮೂಲಕ ಟಿವಿಗೆ ಚಿತ್ರ ಕಳಿಸುತ್ತಿದ್ದ ಹಳೆಯ ಕ್ಯಾಮೆರಾಗಳ ಕಾಲದಲ್ಲಿ ಇದನ್ನು ಟಿವಿ ಲೈನ್ ಎಂಬ ಅಳತೆಯಲ್ಲಿ ಹೇಳುತ್ತಿದ್ದರು. ಕಪ್ಪು ಬಿಳಿ ಗೆರೆಗಳನ್ನು ಒತ್ತೊತ್ತಾಗಿ ಬರೆದ ಪಟವನ್ನು ಕ್ಯಾಮೆರಾದ ಮುಂದಿಟ್ಟು, ಚಿತ್ರದ ಎತ್ತರಕ್ಕೆ ಸಮನಾದ ಅಗಲದೊಳಗೆ ಎಷ್ಟು ಗೆರೆಗಳು ಒಂದಕ್ಕೊಂದು ಅಂಟಿಕೊಳ್ಳದೆ ಬೇರೆ ಬೇರೆಯಾಗಿ ಕಾಣುತ್ತವೆ ಎಂದು ಎಣಿಸುವುದು ಅದರ ಕ್ರಮ. 420, 480, 600, 700 ಟಿವಿ ಲೈನ್ ಎಂದು ಡಬ್ಬಿಯ ಮೇಲೆ ಬರೆದಿರುತ್ತಿದ್ದುದು ಇಲ್ಲಿರುವ ಹಿರಿಯ ತಂತ್ರಜ್ಞರಿಗೆ ನೆನಪಿರಬಹುದು. ಆ ಅಳತೆಯಲ್ಲಿ ಒಂದು ಪ್ರಾಮಾಣಿಕತೆ ಇತ್ತು ಎಂದು ನನಗೆ ಅನಿಸುತ್ತದೆ, ಏಕೆಂದರೆ ಅದು ಲೆನ್ಸ್, ಅದರ ಹಿಂದೆ ಬೆಳಕನ್ನು ಹಿಡಿಯುವ ಸೆನ್ಸರ್, ಸರ್ಕ್ಯೂಟ್ ಎಲ್ಲವನ್ನೂ ದಾಟಿ ಕೊನೆಗೆ ಪರದೆಯ ಮೇಲೆ ಏನು ಉಳಿಯಿತು ಎಂಬುದನ್ನು ಅಳೆಯುತ್ತಿತ್ತು. ಈಗಿನ ಮೆಗಾಪಿಕ್ಸೆಲ್ ಎಂಬುದು ಬರೀ ಎಣಿಕೆ. ಅಡ್ಡ 1920, ಉದ್ದ 1080 ಚುಕ್ಕೆಗಳನ್ನು ಗುಣಿಸಿದರೆ ಸುಮಾರು 20.7 ಲಕ್ಷ, ಅದನ್ನು 2 ಮೆಗಾಪಿಕ್ಸೆಲ್ ಎನ್ನುತ್ತೇವೆ. 3840 ಮತ್ತು 2160ನ್ನು ಗುಣಿಸಿದರೆ ಸುಮಾರು 83 ಲಕ್ಷ. ಅದು 8 ಮೆಗಾಪಿಕ್ಸೆಲ್, ಅಂಗಡಿಯವರ ಬಾಯಲ್ಲಿ ಫೋರ್ ಕೆ. ಮುಂದೆ ಕಳಪೆ ಲೆನ್ಸ್ ಇದ್ದರೂ, ಗಾಜಿನ ಮೇಲೆ ಬೆರಳಚ್ಚು ಮೂಡಿದ್ದರೂ ಈ ಎಣಿಕೆ ಒಂದು ಚುಕ್ಕೆಯಷ್ಟೂ ಕಡಿಮೆಯಾಗುವುದಿಲ್ಲ.

ಎಣಿಕೆಗೆ ಬೆಲೆ ಬರುವುದು ಆ ಚುಕ್ಕೆಗಳು ಎಷ್ಟು ಅಗಲದ ಜಾಗದ ಮೇಲೆ ಹರಡಿವೆ ಎಂದು ಕೇಳಿದಾಗ. ಇದಕ್ಕೆ ಒಂದು ಸುಲಭ ಲೆಕ್ಕವಿದೆ. ಸಾಮಾನ್ಯವಾಗಿ ಬಳಕೆಯಲ್ಲಿರುವ 1/2.8 ಇಂಚಿನ ಸೆನ್ಸರ್‌ನ ಅಗಲ ಸುಮಾರು 5.6 ಮಿಲಿಮೀಟರ್. ಅದರ ಮುಂದೆ 2.8 ಮಿಲಿಮೀಟರ್ ಲೆನ್ಸ್ ಇದ್ದರೆ, ದೂರದ ಎರಡರಷ್ಟು ಅಗಲ ಚಿತ್ರದಲ್ಲಿ ಬರುತ್ತದೆ: 10 ಮೀಟರ್ ದೂರಕ್ಕೆ 20 ಮೀಟರ್ ಅಗಲ. 2 ಮೆಗಾಪಿಕ್ಸೆಲ್ ಕ್ಯಾಮೆರಾದ 1920 ಚುಕ್ಕೆಗಳನ್ನು ಆ 20 ಮೀಟರಿಗೆ ಹಂಚಿದರೆ ಮೀಟರಿಗೆ 96 ಸಿಗುತ್ತವೆ. 2014ರಲ್ಲಿ ಪ್ರಕಟವಾದ 62676-4 ಎಂಬ ಅಂತರರಾಷ್ಟ್ರೀಯ ಮಾನಕದ ಪ್ರಕಾರ, ಪರಿಚಿತ ವ್ಯಕ್ತಿಯನ್ನು ‘ಇವನು ನಮ್ಮವನೇ’ ಎಂದು ಗುರುತು ಹಿಡಿಯಲು ಮೀಟರಿಗೆ 125 ಚುಕ್ಕೆಗಳು ಬೇಕು; ಅಪರಿಚಿತನ ಮುಖವನ್ನು ಅನುಮಾನಕ್ಕೆ ಎಡೆಯಿಲ್ಲದಂತೆ ನಿರ್ಧರಿಸಲು 250 ಬೇಕು. ಅಂದರೆ ಸುಮಾರು 16 ಸೆಂಟಿಮೀಟರ್ ಅಗಲದ ಮುಖದ ಮೇಲೆ 40 ಚುಕ್ಕೆಗಳಾದರೂ ಬೀಳಬೇಕು. ಈ ಲೆಕ್ಕದಲ್ಲಿ 2.8 ಲೆನ್ಸಿನ 2 ಮೆಗಾಪಿಕ್ಸೆಲ್ ಕ್ಯಾಮೆರಾ 4 ಮೀಟರ್ ಒಳಗಿನ ಮುಖಕ್ಕೆ ಸಾಕು, ಅದರಾಚೆಗೆ ಸಾಲದು. ಅದೇ ಕ್ಯಾಮೆರಾಕ್ಕೆ 6 ಮಿಲಿಮೀಟರ್ ಲೆನ್ಸ್ ಹಾಕಿದರೆ 8 ಮೀಟರ್ ದೂರದಲ್ಲೂ ಮೀಟರಿಗೆ 250 ದಾಟುತ್ತದೆ, ಆದರೆ ನೋಟ ಏಳೂವರೆ ಮೀಟರ್ ಅಗಲಕ್ಕೆ ಕಿರಿದಾಗುತ್ತದೆ. ಒಂದೇ ಕ್ಯಾಮೆರಾದಲ್ಲಿ ಇಡೀ ಅಂಗಳವೂ ಕಾಣಬೇಕು, ಮುಖವೂ ತಿಳಿಯಬೇಕು ಎಂಬ ಆಸೆಯೇ ಜನರನ್ನು ಹೆಚ್ಚು ಮೆಗಾಪಿಕ್ಸೆಲ್‌ನತ್ತ ಎಳೆಯುತ್ತದೆ.

ಹಗಲಿನಲ್ಲಿ ಆ ಆಸೆ ಈಡೇರುತ್ತದೆ ಕೂಡ. ರಾತ್ರಿ ಏಕೆ ಈಡೇರುವುದಿಲ್ಲ ಎಂಬುದಕ್ಕೆ ನಾಯ್ಸ್ ಎಂದರೇನು ಎಂದು ತಿಳಿಯಬೇಕು. ಕನ್ನಡದಲ್ಲಿ ಅದನ್ನು ಗದ್ದಲ ಎನ್ನೋಣ.

ನಮ್ಮ ಮನೆಗಳ ಅಂಗಳಕ್ಕೆ ಹಾಸಿರುವ ಶಹಾಬಾದ್ ಫರಸಿಯನ್ನು ನೆನಪಿಸಿಕೊಳ್ಳಿ. ಬಿರುಬೇಸಿಗೆಯ ಕೊನೆಗೆ ಮೊದಲ ಮಳೆಯ ನಾಲ್ಕು ಹನಿ ಬೀಳುವ ಹೊತ್ತು. ಒಂದೇ ಅಳತೆಯ ಫರಸಿಗಳು ಪಕ್ಕಪಕ್ಕದಲ್ಲಿವೆ. ಒಂದರ ಮೇಲೆ ಮೂರು ಹನಿ ಬಿದ್ದಿವೆ, ಪಕ್ಕದ್ದರ ಮೇಲೆ ಏಳು, ಇನ್ನೊಂದರ ಮೇಲೆ ಒಂದೂ ಇಲ್ಲ. ಆಕಾಶ ಭೇದ ಮಾಡಿಲ್ಲ, ಮಳೆ ಎಲ್ಲ ಕಲ್ಲಿಗೂ ಒಂದೇ ಸಮನಾಗಿ ಬರುತ್ತಿದೆ. ಆದರೂ ಅಂಗಳ ಚುಕ್ಕೆಚುಕ್ಕೆಯಾಗಿ ಕಾಣುತ್ತದೆ. ಹತ್ತು ನಿಮಿಷ ಜೋರಾಗಿ ಸುರಿದ ಮೇಲೆ ನೋಡಿದರೆ ಎಲ್ಲ ಫರಸಿಗಳೂ ಸಮನಾಗಿ ತೊಯ್ದಿರುತ್ತವೆ. ಬೆಳಕೂ ಹೀಗೆಯೇ ಹನಿಹನಿಯಾಗಿ ಬರುವ ವಸ್ತು. ಆ ಹನಿಗೆ ಫೋಟಾನ್ ಎಂದು ಹೆಸರು. ಸೆನ್ಸರ್‌ನ ಪ್ರತಿಯೊಂದು ಪಿಕ್ಸೆಲ್ ಒಂದೊಂದು ಫರಸಿ. ಸರಾಸರಿ 10,000 ಹನಿ ಬೀಳುವಲ್ಲಿ ಏರುಪೇರು ಅದರ ವರ್ಗಮೂಲದಷ್ಟು, ಅಂದರೆ 100ರಷ್ಟು ಇರುತ್ತದೆ. ನೂರಕ್ಕೆ ಒಂದು ಪಾಲು, ಕಣ್ಣಿಗೆ ಕಾಣುವುದಿಲ್ಲ. ಸರಾಸರಿ 100 ಹನಿ ಮಾತ್ರ ಬೀಳುವಲ್ಲಿ ಏರುಪೇರು 10. ಇದು ಹತ್ತರಲ್ಲಿ ಒಂದು ಪಾಲು. ಬಿಳಿ ಗೋಡೆ ಕಾಳು ಚೆಲ್ಲಿದಂತೆ ಕಾಣತೊಡಗುತ್ತದೆ. ಈ ಗದ್ದಲ ಯಾವ ಕಾರ್ಖಾನೆಯ ದೋಷವೂ ಅಲ್ಲದ ಕಾರಣ ಎಷ್ಟೇ ಬೆಲೆಯ ಕ್ಯಾಮೆರಾ ತಂದರೂ ಅದರಿಂದ ತಪ್ಪಿಸಿಕೊಳ್ಳಲಾಗದು. ಇದರ ಮೇಲೆ ಸೆನ್ಸರನ್ನು ಓದುವ ಸರ್ಕ್ಯೂಟ್ ತನ್ನದೂ ಒಂದಿಷ್ಟು ಗದ್ದಲ ಸೇರಿಸುತ್ತದೆ.

ಈಗ ಅದೇ ಅಂಗಳದ ಒಂದೊಂದು ಫರಸಿಯನ್ನೂ ನಾಲ್ಕು ತುಂಡು ಮಾಡಿ. ಮಳೆ ಅಷ್ಟೇ, ಅಂಗಳ ಅಷ್ಟೇ. ಒಂದೊಂದು ತುಂಡಿಗೆ ಬೀಳುವ ಹನಿ ಕಾಲು ಭಾಗ. 8 ಮೆಗಾಪಿಕ್ಸೆಲ್‌ನಲ್ಲಿ ಆಗಿರುವುದು ಇದೇ. 1/2.8 ಇಂಚಿನ ಸೆನ್ಸರ್‌ನಲ್ಲಿ 2 ಮೆಗಾಪಿಕ್ಸೆಲ್ ಇಟ್ಟಾಗ ಒಂದು ಪಿಕ್ಸೆಲ್‌ನ ಅಗಲ ಸುಮಾರು 2.9 ಮೈಕ್ರಾನ್, ಅಷ್ಟೇ ಜಾಗದಲ್ಲಿ 8 ಮೆಗಾಪಿಕ್ಸೆಲ್ ತುಂಬಿದಾಗ 1.45 ಮೈಕ್ರಾನ್. ಬೆಳಕಿನಿಂದ ಹುಟ್ಟುವ ನಿಜವಾದ ಚಿತ್ರದ ಪಾಲನ್ನು ಸಂಕೇತ ಎನ್ನೋಣ. ಬೆಳಕು ಕಾಲು ಭಾಗಕ್ಕೆ ಇಳಿದರೆ ಸಂಕೇತ ಮತ್ತು ಗದ್ದಲದ ಅನುಪಾತ ಅರ್ಧಕ್ಕೆ ಇಳಿಯುತ್ತದೆ. ನಾಲ್ಕು ತುಂಡುಗಳ ಹನಿಗಳನ್ನು ಮತ್ತೆ ಒಟ್ಟುಗೂಡಿಸಿದರೆ ಕಳೆದುಕೊಂಡದ್ದು ಬಹುಪಾಲು ಮರಳಿ ಬರುತ್ತದೆ ಎಂದು ಇಲ್ಲಿರುವ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಹೇಳಬಹುದು. ಅದು ಸರಿಯೇ. ಆದರೆ ಹಾಗೆ ಕೂಡಿಸಿದ ಮೇಲೆ ತಮ್ಮ ಕೈಯಲ್ಲಿ ಉಳಿಯುವುದು 2 ಮೆಗಾಪಿಕ್ಸೆಲ್ ಚಿತ್ರವೇ. ಉಳಿದ 6ಕ್ಕೆ ಕೊಟ್ಟ ಹಣ ಹಗಲಿಗೆ ಮಾತ್ರ ಸಂದಿತು.

ಇಷ್ಟು ತಿಳಿದ ಮೇಲೆ ವಿವರಪಟ್ಟಿಯಲ್ಲಿರುವ ಎಸ್/ಎನ್ ರೇಷಿಯೊ ಎಂಬ ಸಾಲಿಗೆ ಬರೋಣ. ಸಂಕೇತ ಮತ್ತು ಗದ್ದಲದ ಅನುಪಾತವೇ ಅದು. ಅದನ್ನು ಡೆಸಿಬೆಲ್‌ನಲ್ಲಿ ಹೇಳುತ್ತಾರೆ. ಸಂಕೇತವು ಗದ್ದಲದ 10 ಪಟ್ಟು ಇದ್ದರೆ 20 ಡೆಸಿಬೆಲ್, 100 ಪಟ್ಟು ಇದ್ದರೆ 40, ಸುಮಾರು 316 ಪಟ್ಟು ಇದ್ದರೆ 50, ಸಾವಿರ ಪಟ್ಟು ಇದ್ದರೆ 60. ಅನುಪಾತ ಇಮ್ಮಡಿಯಾದಾಗಲೆಲ್ಲ 6 ಡೆಸಿಬೆಲ್ ಏರುತ್ತದೆ. ಹೀಗಾಗಿ 44 ಮತ್ತು 50ರ ನಡುವಿನ ಅಂತರ ನೋಡಲು ಚಿಕ್ಕದಾದರೂ ವಾಸ್ತವದಲ್ಲಿ ಅದು ದುಪ್ಪಟ್ಟಿನ ಅಂತರ. ಬಹುತೇಕ ಪಟ್ಟಿಗಳಲ್ಲಿ ‘50 ಡೆಸಿಬೆಲ್‌ಗಿಂತ ಹೆಚ್ಚು’ ಎಂದು ಇರುತ್ತದೆ. ಫರಸಿಯ ಲೆಕ್ಕ ನೆನಪಿದ್ದವರು ಇಲ್ಲಿ ಹುಬ್ಬೇರಿಸಬೇಕು. ವರ್ಗಮೂಲದ ನಿಯಮದಂತೆ 316 ಪಟ್ಟು ಸಿಗಬೇಕಾದರೆ ಒಂದು ಪಿಕ್ಸೆಲ್ ಸುಮಾರು ಒಂದು ಲಕ್ಷ ಹನಿ ಹಿಡಿದಿರಬೇಕು, 2.9 ಮೈಕ್ರಾನಿನ ಚಿಕ್ಕ ಪಿಕ್ಸೆಲ್ ಅಷ್ಟನ್ನು ಹಿಡಿಯಲಾರದು. ಅಂದರೆ ಆ 50ರಲ್ಲಿ ಅಳೆಯುವ ವಿಧಾನದ ಪಾಲೂ ಇದೆ. ಕಣ್ಣಿಗೆ ಹೆಚ್ಚು ಕಾಡದ ಸೂಕ್ಷ್ಮ ಗದ್ದಲಕ್ಕೆ ಕಡಿಮೆ ತೂಕ ಕೊಟ್ಟು ಅಳೆಯುವ ಪದ್ಧತಿಯೊಂದು ಟಿವಿ ಕಾಲದಿಂದಲೂ ಇದೆ. ಕೆಲವು ಪಟ್ಟಿಗಳಲ್ಲಿ ‘ವೇಟ್ ಆನ್’ ಎಂದು ಅದನ್ನು ಬರೆದಿರುತ್ತಾರೆ. ಬರೆದವರನ್ನು ಮೆಚ್ಚಬೇಕು. ಬರೆಯದೆ ಇರುವವರ 52ನ್ನೂ ಬರೆದವರ 50ನ್ನೂ ಪಕ್ಕಪಕ್ಕ ಇಟ್ಟು ತೂಗಲು ಬರುವುದಿಲ್ಲ.

ಅದಕ್ಕಿಂತ ಮುಖ್ಯವಾದದ್ದು ಅದೇ ಸಾಲಿನ ಕೊನೆಯಲ್ಲಿರುವ ‘ಎಜಿಸಿ ಆಫ್’ ಎಂಬ ಎರಡು ಪದ. ಬೆಳಕು ಕಡಿಮೆಯಾದಾಗ ಸಂಕೇತವನ್ನು ತಾನಾಗಿಯೇ ಹಿಗ್ಗಿಸುವ ವ್ಯವಸ್ಥೆಗೆ ಎಜಿಸಿ ಎನ್ನುತ್ತಾರೆ. ಜಾತ್ರೆಯಲ್ಲಿ ಮೈಕಿನ ಧ್ವನಿ ಕೇಳಿಸದೆ ಹೋದಾಗ ಆಂಪ್ಲಿಫಯರ್‌ನ ಗುಂಡಿ ತಿರುಗಿಸಿದರೆ ಭಾಷಣದ ಜೊತೆಗೆ ಮೈಕಿನೊಳಗಿನ ಗುಂಯ್‌ಗುಡುವಿಕೆಯೂ ಏರುವಂತೆ, ಎಜಿಸಿ ಬೆಳಕನ್ನೂ ಗದ್ದಲವನ್ನೂ ಒಂದೇ ಪ್ರಮಾಣದಲ್ಲಿ ಏರಿಸುತ್ತದೆ. ಆದ್ದರಿಂದ ಎಸ್/ಎನ್ ಅನುಪಾತವನ್ನು ಅಳೆಯುವಾಗ ಎಜಿಸಿಯನ್ನು ಆರಿಸಿ, ಧಾರಾಳವಾದ ಬೆಳಕಿನಲ್ಲಿ ಅಳೆಯುತ್ತಾರೆ. ಇದರಲ್ಲಿ ತಪ್ಪೇನಿಲ್ಲ, ಅಳತೆಗೆ ಒಂದು ನೆಲೆ ಬೇಕು. ಆದರೆ ಅದೇ ಪಟ್ಟಿಯ ಮೇಲಿನ ಸಾಲಿನಲ್ಲಿ ‘ಕನಿಷ್ಠ ಬೆಳಕು 0.01 ಲಕ್ಸ್’ ಎಂದು ಇರುತ್ತದೆ. ಅದರ ಪಕ್ಕದ ಸಣ್ಣ ಅಕ್ಷರಗಳಲ್ಲಿ ‘ಎಫ್ 1.2, ಎಜಿಸಿ ಆನ್’ ಎಂದು ಇರುತ್ತದೆ. ಒಂದು ಅಂಕಿ ಎಜಿಸಿ ಆರಿಸಿದಾಗಿನದು, ಇನ್ನೊಂದು ಹಚ್ಚಿದಾಗಿನದು. ಎರಡೂ ನಿಜ, ಆದರೆ ಒಂದೇ ಕ್ಷಣದಲ್ಲಿ ಎರಡೂ ನಿಜವಾಗಿರಲು ಸಾಧ್ಯವಿಲ್ಲ. ಪಟ್ಟಿ ಓದುವ ನಮ್ಮ ಮನಸ್ಸು ಮಾತ್ರ ಅವೆರಡನ್ನೂ ಕೂಡಿಸಿ, 0.01 ಲಕ್ಸ್‌ನ ಕತ್ತಲಲ್ಲಿ 50 ಡೆಸಿಬೆಲ್‌ನ ನಿಚ್ಚಳ ಚಿತ್ರವನ್ನು ಕಲ್ಪಿಸಿಕೊಳ್ಳುತ್ತದೆ. ನಮ್ಮ ವರ್ತಕರ ಕಳ್ಳನ ಮೂಗು ಕಳೆದುಹೋದದ್ದು ಈ ಎರಡು ಸಾಲುಗಳ ನಡುವೆ.

ಲಕ್ಸ್ ಎಂಬುದರ ಅಂದಾಜು ಇರಲಿ: ನಡುಮಧ್ಯಾಹ್ನದ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್, ಟ್ಯೂಬ್‌ಲೈಟ್ ಹಾಕಿದ ಅಂಗಡಿಯೊಳಗೆ ಕೆಲವು ನೂರು, ಒಳ್ಳೆಯ ಬೀದಿ ದೀಪದ ಕೆಳಗೆ ಹತ್ತರ ಆಸುಪಾಸು, ಹುಣ್ಣಿಮೆಯ ಬೆಳದಿಂಗಳು 0.3ಕ್ಕಿಂತ ಕಡಿಮೆ. ಇಂಥ ಕನಿಷ್ಠ ಬೆಳಕಿನಲ್ಲಿ ಸಿಗುವ ಚಿತ್ರ ಹೇಗಿರಬೇಕು ಎಂಬುದರಲ್ಲಿ ತಯಾರಕರಲ್ಲಿ ಒಮ್ಮತವಿಲ್ಲ. ಪೂರ್ಣ ಸಂಕೇತದ ಅರ್ಧದಷ್ಟು ಬಂದರೆ ಮಾತ್ರ ಚಿತ್ರ ಎನ್ನುವವರಿದ್ದಾರೆ, ಮೂರರಲ್ಲಿ ಒಂದು ಪಾಲಿಗೂ ಕಡಿಮೆ ಬಂದರೂ ಸಾಕು ಎನ್ನುವವರಿದ್ದಾರೆ. ಎಫ್ ಸಂಖ್ಯೆಯದು ಇನ್ನೊಂದು ಕಥೆ. ಅದು ಲೆನ್ಸಿನ ಬಾಯಿಯ ಅಳತೆ; ಸಂಖ್ಯೆ ಚಿಕ್ಕದಾದಷ್ಟೂ ಬಾಯಿ ದೊಡ್ಡದು. ಎಫ್ 1.2ರಲ್ಲಿ ಅಳೆದು, ಡಬ್ಬಿಯೊಳಗೆ ಎಫ್ 2.0 ಲೆನ್ಸ್ ಇಟ್ಟಿದ್ದರೆ ತಮಗೆ ಸಿಗುವ ಬೆಳಕು ಪಟ್ಟಿ ಹೇಳಿದ್ದಕ್ಕಿಂತ ಸುಮಾರು ಎರಡೂಮುಕ್ಕಾಲು ಪಟ್ಟು ಕಡಿಮೆ. ಇವೆರಡನ್ನೂ ಹೋಲಿಸಿ ನೋಡಲು ಒಂದು ನಿಮಿಷ ಸಾಕು, ಆದರೆ ನೋಡುವವರು ಅಪರೂಪ.

ಕತ್ತಲನ್ನು ಗೆಲ್ಲಲು ಕ್ಯಾಮೆರಾದ ಬಳಿ ಇನ್ನೂ ಎರಡು ಉಪಾಯಗಳಿವೆ, ಎರಡಕ್ಕೂ ಬೆಲೆ ತೆರಬೇಕು. ಮೊದಲನೆಯದು ಶಟರನ್ನು ಹೆಚ್ಚು ಹೊತ್ತು ತೆರೆದಿಡುವುದು. ಸೆಕೆಂಡಿನ 25ನೇ ಒಂದು ಭಾಗ ತೆರೆದಿಟ್ಟರೆ ಸಹಜವಾಗಿ ನಡೆಯುವವನು ಅಷ್ಟರಲ್ಲಿ ಐದೂವರೆ ಸೆಂಟಿಮೀಟರ್ ಸರಿದಿರುತ್ತಾನೆ. ಸೆಕೆಂಡಿಗೆ 4 ಮೀಟರ್ ವೇಗದಲ್ಲಿ ಓಡುವವನು 16 ಸೆಂಟಿಮೀಟರ್, ಅಂದರೆ ಒಂದು ಮುಖದ ಅಗಲದಷ್ಟು ಸರಿದಿರುತ್ತಾನೆ. ಆ ಮುಖದ ಮೇಲೆ 40 ಚುಕ್ಕೆ ಬಿದ್ದರೇನು, 400 ಬಿದ್ದರೇನು? ಎರಡನೆಯದು ಡಿಎನ್‌ಆರ್, ಅಂದರೆ ಗದ್ದಲ ತಗ್ಗಿಸುವ ಲೆಕ್ಕಾಚಾರ. ಹಿಂದುಮುಂದಿನ ಫ್ರೇಮುಗಳನ್ನು ಕೂಡಿಸಿ ಸರಾಸರಿ ತೆಗೆಯುವುದು ಅದರ ಮುಖ್ಯ ವಿಧಾನ. ನಾಲ್ಕು ಫ್ರೇಮು ಕೂಡಿಸಿದರೆ ಗದ್ದಲ ಅರ್ಧವಾಗುತ್ತದೆ. ಗೋಡೆ, ಕಟ್ಟೆ, ಬಾಗಿಲು ಅಲುಗಾಡದ ಕಾರಣ ಅವು ಬಹಳ ಚೆನ್ನಾಗಿ ಶುದ್ಧವಾಗುತ್ತವೆ. ಅಲುಗಾಡುವವನು ಮಾತ್ರ ನಾಲ್ಕು ಫ್ರೇಮಿನಲ್ಲಿ ನಾಲ್ಕು ಕಡೆ ಇರುತ್ತಾನೆ, ಅವನ ಮುಖ ಹಿಂದೆ ಬಾಲ ಬಿಟ್ಟುಕೊಂಡು ಕದಡಿಹೋಗುತ್ತದೆ. ಅಂಗಡಿಯಲ್ಲಿ ತೋರಿಸುವ ಡೆಮೊ ಚಿತ್ರಗಳಲ್ಲಿ ಯಾವಾಗಲೂ ನಿಂತ ಕಾರು, ಹೂಕುಂಡ, ಖಾಲಿ ಬೀದಿ ಇರುವುದನ್ನು ಗಮನಿಸಿದ್ದೀರಾ?

ಇದೇ ಡೆಸಿಬೆಲ್ ಪದ ಡಬ್ಲ್ಯೂಡಿಆರ್ ಎಂಬ ಸಾಲಿನಲ್ಲೂ ಬರುತ್ತದೆ, ಅಲ್ಲಿ 120 ಎಂದಿರುತ್ತದೆ. ಅದು ಒಂದೇ ದೃಶ್ಯದ ಅತಿ ಬೆಳಕಿನ ಮತ್ತು ಅತಿ ನೆರಳಿನ ಭಾಗಗಳೆರಡನ್ನೂ ತೋರಿಸುವ ಶಕ್ತಿಯ ಅಳತೆ. ಬಿಸಿಲಿನ ಬೀದಿಗೆ ಎದುರಾಗಿ ಬಾಗಿಲೊಳಗೆ ಕ್ಯಾಮೆರಾ ಇಡುವವರಿಗೆ ಅದು ಬಹಳ ಮುಖ್ಯ. ರಾತ್ರಿಯ ಗದ್ದಲಕ್ಕೂ ಅದಕ್ಕೂ ಸಂಬಂಧ ಕಲ್ಪಿಸಬೇಡಿ.

ಗದ್ದಲ ಚಿತ್ರವನ್ನು ಕೆಡಿಸಿ ಸುಮ್ಮನಾಗುವುದಿಲ್ಲ, ಹಾರ್ಡ್ ಡಿಸ್ಕನ್ನೂ ತಿನ್ನುತ್ತದೆ. ರೆಕಾರ್ಡರ್ ಪ್ರತಿ ಫ್ರೇಮನ್ನೂ ಪೂರ್ತಿಯಾಗಿ ಬರೆದಿಡುವುದಿಲ್ಲ; ಹಿಂದಿನ ಫ್ರೇಮಿಗಿಂತ ಏನು ಬದಲಾಯಿತು ಎಂಬುದನ್ನಷ್ಟೇ ಹೆಚ್ಚಾಗಿ ಬರೆಯುತ್ತದೆ. ಖಾಲಿ ಅಂಗಳದಲ್ಲಿ ಹಗಲು ಏನೂ ಬದಲಾಗದು. ರಾತ್ರಿ ಗದ್ದಲದ ಕಾಳುಗಳು ಪ್ರತಿ ಫ್ರೇಮಿನಲ್ಲಿ ಜಾಗ ಬದಲಿಸುವುದರಿಂದ ಎಲ್ಲ ಕಡೆಯೂ ಎಲ್ಲವೂ ಬದಲಾಗುತ್ತಿರುವಂತೆ ಯಂತ್ರಕ್ಕೆ ತೋರುತ್ತದೆ. ಸೆಕೆಂಡಿಗೆ ಎಷ್ಟು ಮಾಹಿತಿ ಬರೆಯಬೇಕೆಂಬ ಬಿಟ್ ದರವನ್ನು ಮುಕ್ತವಾಗಿ ಬಿಟ್ಟಿದ್ದರೆ ಡಿಸ್ಕ್ ಬೇಗ ತುಂಬುತ್ತದೆ. ಕಟ್ಟಿಹಾಕಿದ್ದರೆ ಆ ಬಿಟ್‌ಗಳೆಲ್ಲ ಗದ್ದಲವನ್ನು ಬರೆಯುವುದಕ್ಕೇ ಖರ್ಚಾಗಿ, ಮುಖ ಚೌಕಚೌಕದ ತುಂಡುಗಳಾಗುತ್ತದೆ. ಸೆಕೆಂಡಿಗೆ 4 ಮೆಗಾಬಿಟ್ ದರದಲ್ಲಿ ಒಂದು ಕ್ಯಾಮೆರಾ ದಿನಕ್ಕೆ ಸುಮಾರು 43 ಗಿಗಾಬೈಟ್ ಬರೆಯುತ್ತದೆ. 30 ದಿನದ ದೃಶ್ಯ ಉಳಿಸಿಕೊಳ್ಳಬೇಕಾದರೆ ಒಂದೊಂದು ಕ್ಯಾಮೆರಾಕ್ಕೆ 1.3 ಟೆರಾಬೈಟ್ ಬೇಕು.

ನಮ್ಮ ಊರಿನ ವಿಶೇಷಗಳೂ ಈ ಲೆಕ್ಕದಲ್ಲಿ ಸೇರುತ್ತವೆ. ಸೆನ್ಸರ್ ಬಿಸಿಯಾದಷ್ಟೂ ಬೆಳಕಿಲ್ಲದೆಯೇ ಅದರೊಳಗೆ ಎಲೆಕ್ಟ್ರಾನುಗಳು ಹುಟ್ಟುತ್ತವೆ. ಶಾಖ 6ರಿಂದ 8 ಡಿಗ್ರಿ ಏರಿದಾಗಲೆಲ್ಲ ಅವುಗಳ ಪ್ರಮಾಣ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಮೇ ತಿಂಗಳಲ್ಲಿ ಕಲಬುರಗಿಯ ಹಗಲು 42 ಡಿಗ್ರಿ ದಾಟುತ್ತದೆ, ತಗಡಿನ ಕೆಳಗೆ ಕಟ್ಟಿದ ಕ್ಯಾಮೆರಾದ ಒಳಗಿನ ಶಾಖ ಇನ್ನೂ ಹೆಚ್ಚು. ಚಳಿಗಾಲದಲ್ಲಿ ಕಾಣದಿದ್ದ ಬಿಳಿ ಚುಕ್ಕೆಗಳು ಬೇಸಿಗೆಯ ರಾತ್ರಿಯಲ್ಲಿ ಕಾಣಿಸಿಕೊಂಡರೆ ಕ್ಯಾಮೆರಾ ಕೆಟ್ಟಿತೆಂದು ತಿಳಿಯಬೇಡಿ, ಮೊದಲು ಅದನ್ನು ತಗಡಿನಿಂದ ಒಂದು ಗೇಣು ಕೆಳಗೆ ಇಳಿಸಿ. ಮಿಲ್ಲಿನ ಧೂಳು ಇನ್ನೊಂದು ವಿಶೇಷ. ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ದೀಪಗಳು ಲೆನ್ಸಿನ ಸುತ್ತಲೇ ಇರುವುದರಿಂದ ಗಾಜಿನ ಮುಂದೆ ಹಾರುವ ತೊಗರಿ ಹೊಟ್ಟಿನ ಒಂದೊಂದು ಕಣವೂ ರಾತ್ರಿ ಬೆಳ್ಳಗೆ ಹೊಳೆಯುತ್ತದೆ, ಜೇಡನ ಬಲೆ ಬೆಳ್ಳಿಯ ತಂತಿಯಂತೆ ಚಿತ್ರವನ್ನು ಮುಚ್ಚುತ್ತದೆ. ಆ ಬೆಳಕಿಗೆ ಹೊಂದಿಕೊಂಡು ಕ್ಯಾಮೆರಾ ಹಿಂದಿನದನ್ನೆಲ್ಲ ಕಪ್ಪು ಮಾಡಿಬಿಡುತ್ತದೆ. ಆವಕದ ದಿನಗಳಲ್ಲಿ ವಾರಕ್ಕೊಮ್ಮೆ ಒದ್ದೆ ಬಟ್ಟೆಯಿಂದ ಗಾಜು ಒರೆಸಿದರೆ ಸಿಗುವ ಲಾಭವನ್ನು ಯಾವ ಡೆಸಿಬೆಲ್ಲೂ ಕೊಡಲಾರದು.

ಮಾತಿನ ಕೊನೆಗೆ ಹಿರಿಯ ವರ್ತಕರೊಬ್ಬರು, “ಹಂಗಾರ ಎಷ್ಟ್ ಮೆಗಾಪಿಕ್ಸೆಲ್ ತಗೊಳ್ಳಬೇಕ್ರಿ, ಅಷ್ಟ್ ಹೇಳ್ರಿ ಸಾಕು” ಎಂದು ಕೇಳಿದರು. ಬಾಗಿಲ ಮುಂದಿನ ಮುಖಕ್ಕಾಗಿ 6 ಮಿಲಿಮೀಟರ್ ಲೆನ್ಸಿನ, ದೊಡ್ಡ ಪಿಕ್ಸೆಲ್‌ನ 2 ಅಥವಾ 4 ಮೆಗಾಪಿಕ್ಸೆಲ್ ಕ್ಯಾಮೆರಾ ಒಂದು. ಅಂಗಳ ಪೂರ್ತಿ ಕಾಣಲು 2.8 ಲೆನ್ಸಿನದು ಇನ್ನೊಂದು. 8 ಮೆಗಾಪಿಕ್ಸೆಲ್‌ಗೆ ಕೊಡಲಿರುವ ಹೆಚ್ಚಿನ ಹಣದಲ್ಲಿ ಬಾಗಿಲ ಮೇಲೆ ರಾತ್ರಿಯಿಡೀ ಉರಿಯುವ ಒಂದು ಎಲ್‌ಇಡಿ ಬಲ್ಬು ಎಂದು ನಾನು ಉತ್ತರಿಸಿದೆ. ಬೆಳಕು ನಾಲ್ಕು ಪಟ್ಟಾದರೆ ಎಸ್/ಎನ್ 6 ಡೆಸಿಬೆಲ್ ಏರುತ್ತದೆ; ಬಲ್ಬಿಗಿಂತ ಅಗ್ಗದ ಡೆಸಿಬೆಲ್ ನನಗೆ ಗೊತ್ತಿಲ್ಲ.

ಅಳವಡಿಸುವ ತರುಣರಲ್ಲಿ ಒಬ್ಬನು, ಗಿರಾಕಿಯ ಮುಂದೆ ಇದನ್ನೆಲ್ಲ ಪರೀಕ್ಷಿಸಿ ತೋರಿಸುವುದು ಹೇಗೆ ಎಂದು ಕೇಳಿದನು. ಹಗಲಿನಲ್ಲಿ ಕೆಲಸ ಮುಗಿಸಿ ಹಣ ಪಡೆಯಬೇಡ ಎಂದೆ. ಕತ್ತಲಾದ ಮೇಲೆ ಅಂಗಡಿಯ ದೀಪಗಳು ಎಂದಿನ ರಾತ್ರಿಯಂತೆಯೇ ಇರಲಿ. ಗಾಡಿ ನಂಬರಿನಷ್ಟು ದೊಡ್ಡ ಅಕ್ಷರಗಳನ್ನು ರಟ್ಟಿನ ಮೇಲೆ ಬರೆದು, ಮಾಲೀಕರ ಮಗನ ಕೈಗೆ ಕೊಟ್ಟು, ಎದೆಯ ಮುಂದೆ ಹಿಡಿದುಕೊಂಡು ಬಾಗಿಲಿನಿಂದ ಗೇಟಿನವರೆಗೆ ಒಮ್ಮೆ ನಡೆಯಲು, ಇನ್ನೊಮ್ಮೆ ಓಡಲು ಹೇಳು. ಆಮೇಲೆ ನೇರ ದೃಶ್ಯವನ್ನು ಬಿಟ್ಟು ರೆಕಾರ್ಡ್ ಆದದ್ದನ್ನು ತೆರೆದು, ಅವನು ನಡೆಯುತ್ತಿರುವಾಗಲೇ ನಿಲ್ಲಿಸಿ, ಅಕ್ಷರಗಳನ್ನು ಮಾಲೀಕರಿಂದಲೇ ಓದಿಸು. ಓದಲಾಗದಿದ್ದರೆ ಶಟರನ್ನು 1/50ಕ್ಕೆ ತಂದು, ಡಿಎನ್‌ಆರ್ ಅನ್ನು ಅರ್ಧಕ್ಕೆ ಇಳಿಸಿ, ಬಲ್ಬು ಹಚ್ಚಿ ಮತ್ತೊಮ್ಮೆ ನಡೆಸು. ಎಷ್ಟು ದೂರದವರೆಗೆ ಅಕ್ಷರ ಓದಲು ಬರುತ್ತದೋ ಅಲ್ಲಿ ನೆಲದ ಫರಸಿಯ ಮೇಲೆ ಬಣ್ಣದಿಂದ ಒಂದು ಗೆರೆ ಎಳೆದು, ಈ ಗೆರೆಯ ಈಚೆಗೆ ಮುಖ ಸಿಗುತ್ತದೆ, ಆಚೆಗೆ ಆಳು ಮಾತ್ರ ಸಿಗುತ್ತಾನೆ ಎಂದು ಬಿಲ್ಲಿನ ಹಿಂದೆ ಬರೆದು ಕೊಡು.